ತಂದೆಯವರ ಗಡಿಯಾರದ ಸಡಿಲ ಮುಚ್ಚಳ

ಹೊರನಾಡಿನಲ್ಲಿ ನೆಲೆಸಿದ ನಮ್ಮ ಕನ್ನಡ ಕುಟುಂಬಗಳಲ್ಲಿ ಅನೇಕರ ಕಪಾಟಿನೊಳಗೆ ಹಳೆಯ ಎಚ್.ಎಂ.ಟಿ. ಕೈಗಡಿಯಾರವೊಂದು ಇರುತ್ತದೆ. ಅದು ತಂದೆಯವರಿಗೆ ಮದುವೆಯಲ್ಲಿ ಬಂದುದೋ, ಮೊದಲ ಸಂಬಳದಲ್ಲಿ ಕೊಂಡುದೋ, ನಿವೃತ್ತಿಯ ದಿನ ಕಚೇರಿಯವರು ಕೊಟ್ಟುದೋ ಆಗಿರುತ್ತದೆ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಕಾರದಿಂದ ಬೆಂಗಳೂರಿನಲ್ಲಿ ಆರಂಭವಾದ ಕಾರ್ಖಾನೆ ಈ ಹೆಸರನ್ನು ಮನೆಮನೆಗೆ ಮುಟ್ಟಿಸಿತು. 2016ರಲ್ಲಿ ಕೇಂದ್ರ ಸರ್ಕಾರವು ಎಚ್.ಎಂ.ಟಿ. ವಾಚಸ್ ಸಂಸ್ಥೆಯನ್ನು ಮುಚ್ಚಲು ಒಪ್ಪಿಗೆ ಕೊಟ್ಟಿತು. ಹೀಗಿರುವಲ್ಲಿ, ಕೈಯಲ್ಲಿರುವ ಗಡಿಯಾರದ ಒಂದೊಂದು ಭಾಗವನ್ನೂ ಜೋಪಾನ ಮಾಡಬೇಕಾದವರು ಮನೆಯವರೇ.

ಹಳೆಯ ಗಡಿಯಾರಗಳಿಗೆ ಬರುವ ಒಂದು ಸಾಮಾನ್ಯ ತೊಂದರೆಯೆಂದರೆ ಹಿಂಬದಿಯ ಮುಚ್ಚಳ ಸಡಿಲಾಗುವುದು. ತಿರುಪಿನ ಮುಚ್ಚಳದ ಮಾತು ಬೇರೆ. ನಾವು ಹೇಳುತ್ತಿರುವುದು ಒತ್ತಿ ಕೂರಿಸುವ ಮುಚ್ಚಳದ ವಿಷಯ. ಅವಲಕ್ಕಿ ಡಬ್ಬಿಯ ಮುಚ್ಚಳದಂತೆ ಇದೂ ತನ್ನ ಅಂಚಿನಿಂದಲೇ ಕೇಸನ್ನು ಕಚ್ಚಿಕೊಂಡಿರುತ್ತದೆ. ಸರಿಯಾಗಿ ಕೂತರೆ 'ಟಕ್' ಎಂಬ ಸದ್ದು ಕೇಳುತ್ತದೆ. ಬೆರಳಿನಿಂದ ತಿರುಗಿಸಿದರೆ ಸಲೀಸಾಗಿ ತಿರುಗುವಂತಿದ್ದರೆ, ಉಗುರಿನಿಂದಲೇ ಏಳುವಂತಿದ್ದರೆ, ಕಚ್ಚು ಸಡಿಲಾಗಿದೆಯೆಂದು ತಿಳಿಯಬೇಕು.

ಇದು ಸಣ್ಣ ದೋಷವೆಂದು ಉಪೇಕ್ಷಿಸಲಾಗದು. ಮುಂಬಯಿ, ಚೆನ್ನೈಗಳ ಒದ್ದೆ ಗಾಳಿ, ದೆಹಲಿಯ ಧೂಳು, ಮಣಿಕಟ್ಟಿನ ಬೆವರು, ಎಲ್ಲವೂ ಆ ಸಂದಿನಿಂದಲೇ ಒಳಗೆ ಇಳಿಯುತ್ತವೆ. ಉಕ್ಕಿನ ಸಣ್ಣ ಭಾಗಗಳಿಗೆ ತುಕ್ಕು ಹಿಡಿದರೆ ಮುಚ್ಚಳದ ಖರ್ಚಿನ ಹತ್ತು ಪಾಲು ಯಂತ್ರಕ್ಕೆ ತೆರಬೇಕಾದೀತು.

ಬಿಗಿಮಾಡುವ ಮೊದಲು, ಸಡಿಲಾದುದು ಏಕೆಂದು ನೋಡಬೇಕು. ಬಹಳ ಸಲ ಕಾರಣ ಬರಿಯ ಕೊಳೆ. ವರ್ಷಗಟ್ಟಲೆಯ ಬೆವರು, ಧೂಳು, ಸೋಪಿನ ಜಿಡ್ಡು ಅಂಚಿನಲ್ಲಿ ಗಟ್ಟಿಯಾಗಿ ಮುಚ್ಚಳವನ್ನು ಪೂರ್ತಿ ಕೂರಗೊಡುವುದಿಲ್ಲ. ಮೇಜಿನ ಮೇಲೆ ಬಿಳಿಯ ಬಟ್ಟೆ ಹಾಸಿ, ಮುಚ್ಚಳ ತೆಗೆದು, ಮರದ ಹಲ್ಲುಕಡ್ಡಿಯಿಂದ ಕೊಳೆಯನ್ನು ಹೊರಮುಖವಾಗಿ ಎಳೆದು ತೆಗೆಯಬಹುದು. ಮುಚ್ಚಳವನ್ನು ಮಾತ್ರ ಸೋಪುನೀರಿನಲ್ಲಿ ತೊಳೆದು ಚೆನ್ನಾಗಿ ಒಣಗಿಸಬಹುದು. ಯಂತ್ರವಿರುವ ಕೇಸಿಗೆ ನೀರು ಸೋಕಬಾರದು. ಒಳಗಿನ ಚಕ್ರಗಳನ್ನೂ ಕೂದಲೆಳೆಯಂತಹ ಸ್ಪ್ರಿಂಗನ್ನೂ ಮುಟ್ಟಲೇಬಾರದು.

ಎರಡನೆಯ ಕಾರಣ ರಬ್ಬರಿನ ಉಂಗುರ. ಕೆಲವು ಗಡಿಯಾರಗಳಲ್ಲಿ ಅದು ಒಣಗಿ ಬಿರುಕು ಬಿಟ್ಟಿರುತ್ತದೆ, ಇಲ್ಲವೆ ಅಂಟಂಟಾಗಿರುತ್ತದೆ. ಹೊಸದು ಅದೇ ಅಳತೆ, ಅದೇ ದಪ್ಪದ್ದಾಗಿರಬೇಕು. ದಪ್ಪನೆಯದನ್ನು ಹಾಕಿದರೆ ಅದೇ ಮುಚ್ಚಳವನ್ನು ಮೇಲಕ್ಕೆ ನೂಕುತ್ತದೆ. ಇನ್ನು ಕೆಲವು ಮುಚ್ಚಳಗಳಲ್ಲಿ ಕೀಲಿಯ ಕಡ್ಡಿಗೆಂದು ಒಂದು ಸಣ್ಣ ತಗ್ಗು ಇರುತ್ತದೆ. ಅದನ್ನು ಕೀಲಿಯ ಕಡೆಗೆ ಸರಿಹೊಂದಿಸದಿದ್ದರೆ ಎಷ್ಟು ಒತ್ತಿದರೂ ಮುಚ್ಚಳ ಕೂರದು.

ಮೂರನೆಯದು, ಮುಚ್ಚಳ ಬೇರೊಂದು ಗಡಿಯಾರದ್ದಾಗಿರುವುದು. ರಿಪೇರಿಯ ಮೇಜಿನ ಮೇಲೆ ಅದಲುಬದಲಾಗುವುದು ಅಪರೂಪವಲ್ಲ. ಮಿಲಿಮೀಟರಿನ ಹತ್ತನೆಯ ಒಂದು ಭಾಗ, ಅಂದರೆ ನಾವು ಕಚೇರಿಯಲ್ಲಿ ದಿನವೂ ತಿರುವಿಹಾಕುವ ಒಂದು ಹಾಳೆ ಕಾಗದದ ದಪ್ಪ, ಅಷ್ಟು ವ್ಯತ್ಯಾಸವಾದರೂ ಸಾಕು, ಹಿಡಿತ ತಪ್ಪಲು.

ಕೊನೆಯದು, ಅಂಚು ಸವೆದಿರುವುದು. ಒಂದೇ ಜಾಗದಲ್ಲಿ ಚಾಕು ಹಾಕಿ ಹಾಕಿ ಎಬ್ಬಿಸಿದರೆ ಅಂಚು ಬಾಗುತ್ತದೆ. ಇದು ಮನೆಯ ಕೆಲಸವಲ್ಲ. ನುರಿತವರು ನಯವಾದ ಉಕ್ಕಿನ ಉಪಕರಣದಿಂದ ಅಂಚನ್ನು ಸುತ್ತಲೂ ಅಲ್ಲಲ್ಲಿ ತುಸು ತುಸುವೇ ಒತ್ತಿ, ಪ್ರತಿ ಸಲವೂ ಕೂರಿಸಿ ನೋಡುತ್ತಾರೆ. ಕೇಸು ಹಿತ್ತಾಳೆಯದಾಗಿದ್ದು, ಮೇಲಿನ ಲೇಪ ಹೋಗಿ ಬೆವರಿಗೆ ಸವೆದಿದ್ದರೆ, ಈ ಬಿಗಿ ಬಹುಕಾಲ ನಿಲ್ಲದು.

ಅವಸರದವರು ಮಾಡುವುದು ಬೇರೆಯೇ ಇದೆ: ಒಂದು ತೊಟ್ಟು ಶೀಘ್ರ ಅಂಟು! ಅದರ ಆವಿ ಗಾಜಿನ ಮೇಲೂ ಮುಖಫಲಕದ ಮೇಲೂ ಬಿಳಿಯ ಮಸುಕು ಕೂರಿಸುತ್ತದೆ. ಅಂಟು ಹರಿದು ಚಕ್ರಕ್ಕೆ ತಗುಲಿದರೆ ಗಡಿಯಾರವೇ ನಿಲ್ಲುತ್ತದೆ. ಮುಂದೆ ತೆರೆಯಬೇಕಾದವನು ಕೇಸನ್ನು ಗೀರದೆ ತೆರೆಯಲಾರ. ಅಂತೆಯೇ ಗಾಜನ್ನು ಮೇಜಿಗೆ ಕವುಚಿ ಅಂಗೈಯಿಂದ ಅದುಮುವುದೂ ಸಲ್ಲದು, ಗಾಜು ಬಿರಿಯುತ್ತದೆ. ಎರಡು ಹೆಬ್ಬೆರಳಿನಿಂದ ಕೂರದಿದ್ದರೆ ಅಂಗಡಿಯ ಒತ್ತುಯಂತ್ರವೇ ಸರಿ.

ಹೊಸ ಮುಚ್ಚಳ ಹಾಕಿಸಿದರೆ ಆಯಿತಲ್ಲ ಎನ್ನುವವರೂ ಉಂಟು. ಆದರೆ ಹಳೆಯ ಮುಚ್ಚಳದ ಒಳಮೈಯನ್ನು ಬೆಳಕಿಗೆ ಹಿಡಿದು ನೋಡಿ. ಗಡಿಯಾರವನ್ನು ಶುಚಿಮಾಡಿದ ತಾರೀಖನ್ನೋ ತಮ್ಮ ಗುರುತನ್ನೋ ಸೂಜಿಮೊನೆಯಿಂದ ಅಲ್ಲಿ ಗೀಚಿಡುವುದು ರಿಪೇರಿಯವರ ಹಳೆಯ ಪದ್ಧತಿ. ಊರು ಬಿಟ್ಟು ಊರಿಗೆ ವರ್ಗವಾದ ತಂದೆಯವರು ಯಾವ ವರ್ಷ ಈ ಗಡಿಯಾರವನ್ನು ಬಿಚ್ಚಿಸಿದ್ದರು ಎಂಬುದಕ್ಕೆ ಅದೊಂದೇ ದಾಖಲೆಯಾಗಿ ಉಳಿದಿರಬಹುದು. ಆದುದರಿಂದ ಅಂಗಡಿಗೆ ಕೊಡುವಾಗ, "ಇದನ್ನೇ ಬಿಗಿಮಾಡಿ, ಬದಲಿಸಲೇಬೇಕಾದರೆ ಹಳೆಯದನ್ನು ಹಿಂದಕ್ಕೆ ಕೊಡಿ" ಎಂದು ಮೊದಲೇ ಹೇಳಿರಬೇಕು, ಒಳಗಿನ ಗೀಚುಗಳನ್ನು ಉಜ್ಜಿ ಅಳಿಸಬೇಡಿರೆಂದೂ ಹೇಳಬೇಕು. ಮುಚ್ಚಳ ಬಿಗಿಯಾದ ಮೇಲೂ ಮಳೆಗಾಲದಲ್ಲಿ ಗಡಿಯಾರ ಮನೆಯಲ್ಲಿರಲಿ. ವಾರಕ್ಕೊಮ್ಮೆ ಕೀಲಿ ಕೊಟ್ಟು, ಮಕ್ಕಳ ಕಿವಿಗೆ ಹಿಡಿದರೆ ಸಾಕು.