ಸೆಲ್ ಸೋರಿದ ಮಲ್ಟಿಮೀಟರ್

ಬೇಸಿಗೆ ರಜೆ ಮುಗಿದು ಪ್ರಯೋಗಾಲಯದ ಬೀರು ತೆರೆದಿದ್ದೀರಿ. ಮುಳ್ಳಿನ ಮಲ್ಟಿಮೀಟರ್ ವೋಲ್ಟೇಜನ್ನು ಸರಿಯಾಗಿಯೇ ತೋರಿಸುತ್ತದೆ. ಆದರೆ ಓಮ್ ×1 ಶ್ರೇಣಿಯಲ್ಲಿ ತಂತಿಗಳ ತುದಿಗಳನ್ನು ಸೇರಿಸಿ ಗುಂಡಿಯನ್ನು ಎಷ್ಟು ತಿರುಗಿಸಿದರೂ ಮುಳ್ಳು ಸೊನ್ನೆಗೆ ಬರುವುದಿಲ್ಲ. ×1000 ಶ್ರೇಣಿಯಲ್ಲಿ ಬರುತ್ತದೆ! ಹೊಸ ಸೆಲ್ ಹಾಕಿದರೂ ಅದೇ ಪಾಡು. ಮೀಟರ್ ಕೆಟ್ಟಿದೆಯೆಂದು ಮೂಲೆಗೆ ಸೇರಿಸುವ ಮುನ್ನ ಸೆಲ್ ಕೂರುವ ಜಾಗದ ಸ್ಪ್ರಿಂಗ್ ಮತ್ತು ಲೋಹದ ಪಟ್ಟಿಗಳನ್ನು ನೋಡಿ. ಬಿಳಿ ಪುಡಿಯೋ ಹಸಿರು ಕಿಲುಬೋ ಕಂಡರೆ ದೋಷ ಬಹುಶಃ ಅಲ್ಲಿಯೇ ಇದೆ.

ಕಾರಣ ಸರಳ. ವೋಲ್ಟೇಜ್ ಅಳೆಯಲು ಈ ಬಗೆಯ ಮೀಟರಿಗೆ ಒಳಗಿನ ಸೆಲ್ ಬೇಕಿಲ್ಲ. ರೋಧ ಅಳೆಯಲು ಬೇಕು. ×1 ಶ್ರೇಣಿಯಲ್ಲಿ ಹರಿಯುವ ವಿದ್ಯುತ್ತು ×1000 ಶ್ರೇಣಿಯದಕ್ಕಿಂತ ಬಹಳ ಹೆಚ್ಚು. ಆದ್ದರಿಂದ ಕಿಲುಬಿನ ಕೆಲವು ಓಮ್ ರೋಧವೂ ಅಲ್ಲಿ ಎದ್ದು ಕಾಣುತ್ತದೆ. ಟಾರ್ಚಿನಲ್ಲಿಯೂ ಇದೇ ಲೆಕ್ಕ. 3 ವೋಲ್ಟಿಗೆ 10 ಓಮ್ ಬಲ್ಬು ಜೋಡಿಸಿದರೆ 0.3 ಆಂಪಿಯರ್ ಹರಿದು 0.9 ವಾಟ್ ದೊರೆಯುತ್ತದೆ. ಕಿಲುಬು 5 ಓಮ್ ಸೇರಿಸಿದರೆ ವಿದ್ಯುತ್ತು 0.2 ಆಂಪಿಯರ್‌ಗೆ ಇಳಿಯುತ್ತದೆ. ಬಲ್ಬಿನ ರೋಧ ಬದಲಾಗದೆಂದು ಭಾವಿಸಿದರೂ ಅದಕ್ಕೆ ದಕ್ಕುವುದು 0.4 ವಾಟ್ ಮಾತ್ರ. ಅಷ್ಟೇ ಕಿಲುಬಿದ್ದರೂ ಗೋಡೆ ಗಡಿಯಾರ ನಡೆಯುತ್ತಲೇ ಇರುತ್ತದೆ. ಏಕೆ? ವಿದ್ಯಾರ್ಥಿಗಳೇ ಲೆಕ್ಕ ಹಾಕಲಿ.

ಸ್ವಚ್ಛಗೊಳಿಸುವ ಮೊದಲು ಸೋರಿದ್ದು ಯಾವ ಸೆಲ್ ಎಂದು ತಿಳಿಯಬೇಕು. 'ಆಲ್ಕಲೈನ್' ಎಂದು ಮುದ್ರಿತವಾಗಿರುವ ಸೆಲ್‌ನಲ್ಲಿ ಪೊಟ್ಯಾಸಿಯಮ್ ಹೈಡ್ರಾಕ್ಸೈಡ್ ಎಂಬ ಪ್ರಬಲ ಕ್ಷಾರವಿದೆ. ಒಳಗಿನ ಸತುವು ನೀರಿನೊಡನೆ ನಿಧಾನವಾಗಿ ವರ್ತಿಸಿ ಹೈಡ್ರೊಜನ್ ಹೊಮ್ಮಿಸುತ್ತದೆ. ಒತ್ತಡ ಏರಿ ಮುಚ್ಚಳದ ಬಿಗಿ ಸಡಿಲಿದಾಗ ಕ್ಷಾರ ಹೊರಬಂದು, ಗಾಳಿಯ ಕಾರ್ಬನ್ ಡೈಆಕ್ಸೈಡ್ ಹೀರಿ ಪೊಟ್ಯಾಸಿಯಮ್ ಕಾರ್ಬೊನೇಟಿನ ಬಿಳಿ ಪುಡಿಯಾಗುತ್ತದೆ. ಅಗ್ಗದ ಸಾಮಾನ್ಯ ಶುಷ್ಕಕೋಶದ ಕಥೆ ಬೇರೆ. ಅದರಲ್ಲಿ ಸತುವಿನ ಡಬ್ಬಿಯೇ ಋಣ ಧ್ರುವ. ಬಳಸಿದಂತೆ ಅದು ಸವೆದು ತೂತಾಗುತ್ತದೆ. ಸೋರುವುದು ಸತುವಿನ ಕ್ಲೋರೈಡ್, ಅಮೋನಿಯಮ್ ಕ್ಲೋರೈಡ್‌ಗಳ ಆಮ್ಲೀಯ ದ್ರಾವಣ. ಅನುಮಾನವಿದ್ದರೆ ಒದ್ದೆ ಲಿಟ್ಮಸ್ ಮುಟ್ಟಿಸಿ: ಕೆಂಪು ನೀಲಿಯಾದರೆ ಕ್ಷಾರ, ನೀಲಿ ಕೆಂಪಾದರೆ ಆಮ್ಲ.

ಕೈಗವಸು ಮತ್ತು ಕನ್ನಡಕ ಧರಿಸಿ, ಸೆಲ್‌ಗಳನ್ನು ಹೊರತೆಗೆಯಿರಿ. ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಒಣ ಪುಡಿಯನ್ನು ಕಾಗದದ ಮೇಲೆ ಉದುರಿಸಿ. ಬಾಯಿಂದ ಊದಲೇಬೇಡಿ, ಪುಡಿ ಕಣ್ಣಿಗೆ ಹಾರುತ್ತದೆ. ಹಾರಿದರೆ ಕನಿಷ್ಠ 15 ನಿಮಿಷ ಶುದ್ಧ ನೀರಿನಿಂದ ತೊಳೆಯುತ್ತಿದ್ದು ವೈದ್ಯರಲ್ಲಿಗೆ ಹೋಗಬೇಕು. ಕ್ಷಾರಕ್ಕೆ ಆಮ್ಲ ಮದ್ದೆಂದು ಕಣ್ಣಿಗಾಗಲಿ ಚರ್ಮಕ್ಕಾಗಲಿ ವಿನೆಗರ್ ಹಾಕುವುದು ಅಪಾಯ.

ಆಲ್ಕಲೈನ್ ಸೆಲ್ ಸೋರಿದ್ದರೆ ಕಡ್ಡಿಗೆ ಸುತ್ತಿದ ಹತ್ತಿಯನ್ನು ವಿನೆಗರ್ ಅಥವಾ ನಿಂಬೆರಸದಲ್ಲಿ ಅದ್ದಿ, ಹಿಂಡಿ, ಪುಡಿಯ ಮೇಲೆ ಒತ್ತಿ. ಬುರುಗು ಏಳುತ್ತದೆ: ಕಾರ್ಬೊನೇಟ್ ಆಮ್ಲದೊಡನೆ ವರ್ತಿಸಿ ಕಾರ್ಬನ್ ಡೈಆಕ್ಸೈಡನ್ನು ಬಿಟ್ಟುಕೊಡುತ್ತಿದೆ. ಬುರುಗು ನಿಲ್ಲುವವರೆಗೆ ಹತ್ತಿ ಬದಲಿಸುತ್ತಿರಿ. ಸಾಮಾನ್ಯ ಶುಷ್ಕಕೋಶ ಸೋರಿದ್ದರೆ ಅಡುಗೆ ಸೋಡದ ತೆಳು ದ್ರಾವಣ ಬಳಸಿ. ಯಾವುದನ್ನೂ ಸುರಿಯಬಾರದು, ಒಳಗೆ ಇಳಿದ ದ್ರವ ಮಂಡಲವನ್ನು ಕೆಡಿಸುತ್ತದೆ. ಬಳಿಕ ಆಸವಿತ ಜಲದಲ್ಲಿ ನೆನೆಸಿದ ಹತ್ತಿಯಿಂದ ಎರಡು ಮೂರು ಸಲ ಒರೆಸಿ. ಅನೇಕರು ಇದನ್ನು ಮರೆಯುತ್ತಾರೆ. ಉಳಿದ ನಿಂಬೆರಸವೇ ಮುಂದೆ ಲೋಹವನ್ನು ತಿನ್ನುತ್ತದೆ. ಕೊನೆಗೆ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ ಪೂರ್ತಿ ಒಣಗಲು ಬಿಡಿ.

ಮರಳು ಕಾಗದದಿಂದ ಗಸಗಸ ಉಜ್ಜುವ ಅಭ್ಯಾಸ ನನಗೆ ಹಿಡಿಸದು. ಪಟ್ಟಿಯ ಮೇಲಿನ ನಿಕ್ಕಲ್ ಲೇಪ ಹೋಗಿ, ಕೆಳಗಿನ ಉಕ್ಕು ಬೇಗ ತುಕ್ಕು ಹಿಡಿಯುತ್ತದೆ. ಮೊಂಡು ಕಲೆಗೆ ಪೆನ್ಸಿಲ್ ಅಳಿಸುವ ರಬ್ಬರ್ ಸಾಕು. ಇಷ್ಟಾದರೂ ಮುಳ್ಳು ಸೊನ್ನೆಗೆ ಬಾರದಿದ್ದರೆ ಬೆಸುಗೆಯ ಬಳಿ ತಂತಿಯ ಹೊದಿಕೆಯನ್ನು ಸ್ವಲ್ಪ ಸುಲಿದು ನೋಡಿ. ಬತ್ತಿಯಲ್ಲಿ ಎಣ್ಣೆ ಏರುವಂತೆ ಕ್ಷಾರ ಎಳೆಗಳ ನಡುವೆ ಏರಿ ತಾಮ್ರವನ್ನು ಕಪ್ಪಾಗಿಸಿರಬಹುದು. ಅಂಥ ತಂತಿಗೆ ಬೆಸುಗೆ ಹಿಡಿಯದು, ಬದಲಿಸುವುದೇ ಸರಿ.

ಹಳೆಯ ಮತ್ತು ಹೊಸ ಸೆಲ್‌ಗಳನ್ನು ಸರಣಿಯಲ್ಲಿ ಬೆರೆಸಬೇಡಿ. ಮೊದಲು ಬರಿದಾದ ಸೆಲ್‌ನ ಮೂಲಕ ಉಳಿದವು ವಿದ್ಯುತ್ತನ್ನು ತಳ್ಳುತ್ತಲೇ ಹೋದರೆ ಅದರ ಧ್ರುವತೆಯೇ ತಿರುಗಿ, ಅನಿಲ ಹುಟ್ಟಿ, ಸೋರುತ್ತದೆ. ರಜೆಗೆ ಮುನ್ನ ಸೆಲ್‌ಗಳನ್ನು ತೆಗೆದು ಮೀಟರಿನ ಪಕ್ಕದಲ್ಲಿ, ಬೇರೆ ಪೊಟ್ಟಣದಲ್ಲಿ ಇಡಿ.