ಶುಶ್ರೂಷೆ ಎಂದರೆ ಕೇಳುವುದು: ಬೊಕ್ಕಾಪುರಂ ಕಡೆಯಿಂದ ಒಂದು ವಿಚಾರ

ತಮ್ಮನ್ನು ತಾವು ಕಾಪಾಡಿಕೊಳ್ಳಲಾಗದ ಮಕ್ಕಳು, ಮುದುಕರು, ರೋಗಿಗಳನ್ನು ನೋಡಿಕೊಳ್ಳುವ ಸಿಬ್ಬಂದಿ ಹೇಗೆ ನಡೆದುಕೊಳ್ಳಬೇಕು ಅನ್ನೋದು ಇವತ್ತಿನ ನನ್ನ ವಿಷಯ. ಸಾಹಿತ್ಯದ ವಿದ್ಯಾರ್ಥಿಗೆ ಇದರಲ್ಲೇನು ಕೆಲಸ ಅಂತ ನೀವು ಕೇಳಬಹುದು. ಹಾಗಾಗಿ ಪದಗಳಿಂದಲೇ ಶುರು ಮಾಡ್ತೀನಿ.

‘ಆರೈಕೆ’ ಹಳಗನ್ನಡದ ‘ಆರಯ್’ ಧಾತುವಿನದು. ಹುಡುಕು, ಗಮನವಿಟ್ಟು ನೋಡು, ಸಲಹು ಎಂಬ ಅರ್ಥಗಳು ಅದಕ್ಕಿವೆ. ಪರಿಶೀಲಿಸು ಎಂಬರ್ಥದ ತಮಿಳಿನ ‘ಆರಾಯ್’ ಅದರ ನೆಂಟ. ‘ಶುಶ್ರೂಷೆ’ ಸಂಸ್ಕೃತದ ‘ಶ್ರು’ ಧಾತುವಿನಿಂದ ಬಂದದ್ದು, ಮೂಲಾರ್ಥ ಕೇಳುವ ಇಚ್ಛೆ. ಅದೇ ಮುಂದೆ ಸೇವೆಯಾಯಿತು, ರೋಗಿಯ ಉಪಚಾರವೂ ಆಯಿತು. ನಾವು ಉಪಚಾರವನ್ನು ಉಳಿಸಿಕೊಂಡು ಕೇಳೋದನ್ನು ಮರೆತಿದ್ದೇವೆ ಅನ್ನೋದು ನನ್ನ ಅನುಮಾನ.

ಬಂಡೀಪುರ ದಾಟಿ ತೆಪ್ಪಕಾಡಿನಲ್ಲಿ ಎಡಕ್ಕೆ ತಿರುಗಿದ್ರೆ ಮಸಿನಗುಡಿ. ಅದರ ಹತ್ತಿರ, ಬೆಟ್ಟದ ಬುಡದಲ್ಲಿ ಬೊಕ್ಕಾಪುರಂ. ಈ ಸೀಮೆಯಲ್ಲಿ ಇರುಳ, ಕುರುಂಬ, ಬಡಗ, ಕನ್ನಡ, ತಮಿಳು ಎಲ್ಲವೂ ಕಿವಿಗೆ ಬೀಳ್ತವೆ. ಆದರೆ ಕಚೇರಿಯ ಕಾಗದ ತಮಿಳಿನಲ್ಲಿ. ಇರುಳರ ಮನೆಮಾತು ತಮಿಳಿಗೆ ಹತ್ತಿರವಿದ್ದರೂ ಪಠ್ಯಪುಸ್ತಕದ ತಮಿಳು ಅಲ್ಲ. ನೀಲಗಿರಿಯಲ್ಲಿ ಬುಡಕಟ್ಟು ಮಕ್ಕಳಿಗಾಗಿ ಸರ್ಕಾರಿ ವಸತಿ ಶಾಲೆಗಳಿವೆ. ಅಂಥ ಕಡೆ ಆರೇಳು ವರ್ಷದ ಮಗು ರಾತ್ರಿ ಎದ್ದು ಅಳ್ತಾ ಇದೆ ಅಂತ ಊಹಿಸಿಕೊಳ್ಳಿ. ಹೊಟ್ಟೆನೋವೋ, ಮನೆ ನೆನಪೋ, ಯಾರೋ ಏನೋ ಮಾಡಿದರೋ? ಅದಕ್ಕೆ ಮನೆಮಾತು ಬಿಟ್ಟು ಬೇರೆ ಬಾಯಿಗೆ ಬರಲ್ಲ. ವಾರ್ಡನ್‌ಗೆ ಆ ಮಾತು ತಿಳಿಯಲ್ಲ. “ಸುಮ್ನೆ ಮಲಕ್ಕೋ” ಅನ್ನೋದು ಆಗ ಕ್ರೌರ್ಯ ಅಂತಾನೂ ಅನಿಸೋದಿಲ್ಲ.

ಕಾನೂನು ಕಠಿಣವಾಗಿಯೇ ಇದೆ. 2015ರ ಬಾಲ ನ್ಯಾಯ ಕಾಯ್ದೆಯ 75ನೇ ಸೆಕ್ಷನ್ ಪ್ರಕಾರ, ಮಕ್ಕಳ ಆರೈಕೆ ವಹಿಸಿಕೊಂಡ ಸಂಸ್ಥೆಯ ನೌಕರನೇ ಮಗುವನ್ನು ಹಿಂಸಿಸಿದರೆ ಐದು ವರ್ಷದವರೆಗೆ ಕಠಿಣ ಸಜೆ, ಐದು ಲಕ್ಷದವರೆಗೆ ದಂಡ. 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ, ಲೈಂಗಿಕ ಅಪರಾಧ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. ಅಡುಗೆಯವರು, ಆಯಾ ಯಾರೂ ಹೊರತಲ್ಲ. ತಿಳಿಸದಿದ್ದರೆ ಅದೂ ಅಪರಾಧ. ಅದೇ ಸೆಕ್ಷನ್ನಿನಲ್ಲಿ ಇನ್ನೊಂದು ಮಾತಿದೆ: ದೂರು ಮಗುವಿಗೆ ತಿಳಿಯದ ಭಾಷೆಯಲ್ಲಿ ದಾಖಲಾಗುವುದಾದರೆ ಅನುವಾದಕರನ್ನು ಒದಗಿಸಬೇಕು. ನನ್ನ ತಕರಾರು ಇಲ್ಲೇ. ಅನುವಾದಕರು ಬರೋದು ದೂರಿನ ಹೊತ್ತಿಗೆ. ದೂರು ಹುಟ್ಟಬೇಕಾದ್ದು ಅದಕ್ಕೂ ಮೊದಲು, ಆ ರಾತ್ರಿ, ಆ ಆಯಾಳ ಮುಂದೆ.

ಆದ್ದರಿಂದ ನಡವಳಿಕೆಯ ನಿಯಮಗಳಲ್ಲಿ ಭಾಷೆ ಮೊದಲು ಬರಬೇಕು. ರಾತ್ರಿ ಪಾಳಿಯಲ್ಲಿ ಮಕ್ಕಳ ಮನೆಮಾತು ಬಲ್ಲವರು ಒಬ್ಬರಾದರೂ ಇರಲಿ. ಖಾಸಗಿ ವಿಷಯಕ್ಕೆ ಇನ್ನೊಂದು ಮಗುವನ್ನೇ ದುಭಾಷಿಯಾಗಿ ನಿಲ್ಲಿಸಬಾರದು. ಸುಲಭ ಅಂತ ಹಾಗೆ ಮಾಡಿಬಿಡೋದುಂಟು. ಇದು ಅಸಾಧ್ಯವೇನಲ್ಲ. ಗೂಡಲೂರಿನಲ್ಲಿ ‘ಅಶ್ವಿನಿ’ ಸಂಸ್ಥೆ 1990ರಿಂದ ನಡೆಸುತ್ತಿರುವ ಆದಿವಾಸಿ ಆಸ್ಪತ್ರೆ ಆದಿವಾಸಿ ಹೆಣ್ಣುಮಕ್ಕಳಿಗೇ ತರಬೇತಿ ಕೊಟ್ಟು ದಾದಿಯರನ್ನಾಗಿ ಮಾಡಿತು. ಅಲ್ಲಿ ರೋಗಿಯ ಮಾತು ಕೇಳಲು ಹೊರಗಿನವರನ್ನು ಹುಡುಕಬೇಕಾಗಿಲ್ಲ.

ಚರ್ಚೆಯಲ್ಲಿ ಒಬ್ಬರು ಕೇಳಿದ್ರು: ಮುದುಕರನ್ನು ‘ನೀನು’ ಅನ್ನೋದು ಅವಮಾನ ಅಂತ ನಿಯಮದಲ್ಲಿ ಬರೆಯಬೇಕಾ? ನನಗೆ ಇದು ಅಷ್ಟು ಸರಳ ಅನಿಸಲಿಲ್ಲ. ನಮ್ಮ ಹಳ್ಳಿಗಳಲ್ಲಿ ಅವ್ವನಿಗೂ ದೇವರಿಗೂ ‘ನೀನು’ ಅಂತೀವಿ. ಬಾಯಿಪಾಠದ ‘ನೀವು’ ತಣ್ಣಗಿರಲೂಬಹುದು. ನಾನು ನೋಡೋದು ವ್ಯತ್ಯಾಸವನ್ನು. ಒಂದೇ ಸಾಲಿನಲ್ಲಿ ನಿಂತ ರೆಸಾರ್ಟ್ ಮಾಲೀಕರಿಗೆ ‘ಬನ್ನಿ ಸಾರ್’ ಅಂದ ಬಾಯಿ ಹಿಂದಿರುವ ಇರುಳರ ಅಜ್ಜಿಗೆ ‘ಏಯ್, ಬಾ ಇಲ್ಲಿ’ ಅಂದರೆ, ಆ ಅಜ್ಜಿಗೆ ಕನ್ನಡ ಬರದಿದ್ದರೂ ಅದು ಅರ್ಥವಾಗುತ್ತೆ.