ನಾಲ್ಕು ಕೊಳವೆ, ಒಂದು ಚೀಲ, ಎಷ್ಟೊಂದು ಕುರ್ಚಿ!

ಕಾಲಿಲ್ಲ, ಕೈಯಿಲ್ಲ, ಹಿಂದು ಮುಂದು ಎಂಬುದೂ ಇಲ್ಲ. ಆದರೂ ಇದು ಕುರ್ಚಿ! ಇಟಲಿಯ ಜೋ ಕೊಲೊಂಬೊ 1969ರಲ್ಲಿ ರೂಪಿಸಿದ ‘ಟ್ಯೂಬ್ ಚೇರ್’ನಲ್ಲಿ ಇರುವುದು ನಾಲ್ಕೇ ನಾಲ್ಕು ದಪ್ಪ ಕೊಳವೆ. ಒಂದೊಂದರ ಗಾತ್ರವೂ ಬೇರೆ. ಒಳಗೆ ಗಟ್ಟಿ ಪ್ಲಾಸ್ಟಿಕ್, ಅದರ ಮೇಲೆ ಮೆತ್ತನೆಯ ಫೋಮ್, ಫೋಮಿನ ಮೇಲೆ ಮಿರಿಮಿರಿ ಮಿಂಚುವ ವಿನೈಲ್ ಹೊದಿಕೆ. ಅಕ್ಕಪಕ್ಕ ಮಲಗಿಸಿ, ಉಕ್ಕು ಮತ್ತು ರಬ್ಬರಿನ ಕ್ಲಿಪ್ಪುಗಳಿಂದ ಸಿಕ್ಕಿಸಿದರೆ ಮುಗಿಯಿತು.

ಯಾವ ಕೊಳವೆ ಮುಂದೆ, ಯಾವುದು ಹಿಂದೆ, ಯಾವುದನ್ನು ಮೇಲೇರಿಸಬೇಕು? ಅದು ಕೂರುವವರ ಇಷ್ಟ! ಬೆನ್ನಿಗೆ ಒತ್ತಾಗಿ ಒಂದನ್ನು ಎತ್ತರಕ್ಕೆ ಕೂಡಿಸಿ, ನೆಟ್ಟಗೆ ಕೂತು ಓದಿ. ಜೊಂಪು ಹತ್ತಿತೇ? ಕ್ಲಿಪ್ ಬಿಚ್ಚಿ, ಸಾಲು ಬದಲಿಸಿ, ಕಾಲು ಚಾಚಿ. ಅದೇ ಕುರ್ಚಿ ಈಗ ಒರಗುವ ಮಂಚ.

ಇನ್ನೂ ಬೆರಗಿನ ಸಂಗತಿ ಅದು ಅಂಗಡಿಯಿಂದ ಬರುತ್ತಿದ್ದ ರೀತಿ. ಅಡುಗೆಮನೆಯ ಡಬ್ಬಿಗಳ ಹಾಗೆ ನಾಲ್ಕೂ ಕೊಳವೆ ಒಂದರೊಳಗೊಂದು ಕೂತು, ಬಾಯಿಗೆ ದಾರವಿರುವ ಒಂದೇ ಚೀಲದಲ್ಲಿ! ಕೊಳವೆಗಳ ಗಾತ್ರ ಬೇರೆಬೇರೆ ಯಾಕೆ ಎಂಬುದು ಆಗ ಹೊಳೆಯುತ್ತದೆ. ಕೂತಾಗ ದೇಹದ ಏರಿಳಿತಕ್ಕೆ ಒದಗುವ ಅಳತೆಯೇ ಕಟ್ಟಿಟ್ಟಾಗ ಜಾಗ ಉಳಿಸುವ ಅಳತೆಯೂ ಹೌದು. ಒಂದೇ ಏಟಿಗೆ ಎರಡು ಉತ್ತರ. ಎಂಥ ತಲೆ!

ಈ ತಲೆ ಮಿಲಾನಿನದು. 1930ರಲ್ಲಿ ಹುಟ್ಟಿದ ಕೊಲೊಂಬೊ ಅಲ್ಲಿನ ಬ್ರೆರಾ ಅಕಾಡೆಮಿಯಲ್ಲಿ ಚಿತ್ರಕಲೆ ಕಲಿತ, ಆಮೇಲೆ ವಾಸ್ತುಶಿಲ್ಪದ ಕಡೆ ಹೊರಳಿದ. ಮನೆತನದ ವಿದ್ಯುತ್ ಸಾಮಗ್ರಿಗಳ ಕಾರ್ಖಾನೆಯ ಹೊಣೆ ಹೆಗಲಿಗೆ ಬಿದ್ದಾಗ ತಯಾರಿಕೆಯ ಹೊಸ ಬಗೆಗಳನ್ನು ಅಲ್ಲೇ ಪರೀಕ್ಷಿಸಿ ನೋಡಿದ. 1962ರಲ್ಲಿ ಸ್ವಂತ ಸ್ಟುಡಿಯೊ ತೆರೆದ ಮೇಲಂತೂ ಹಿಡಿಯುವವರಿಲ್ಲ! ಒಲೆ, ಫ್ರಿಜ್, ಡ್ರಾಯರುಗಳನ್ನೆಲ್ಲ ಚಕ್ರದ ಪೆಟ್ಟಿಗೆಯೊಂದರಲ್ಲಿ ಅಡಗಿಸಿದ ‘ಮಿನಿಕಿಚನ್’ 1963ರದು. ಕಾಲು ಬದಲಿಸಿ ಎತ್ತರ ಹೆಚ್ಚುಕಡಿಮೆ ಮಾಡಬಹುದಾದ, ಪೂರ್ತಿ ಪ್ಲಾಸ್ಟಿಕ್ಕಿನ ‘ಯೂನಿವರ್ಸಾಲೆ’ ಕುರ್ಚಿ 1965ರದು. ಲೋಟ ಹಿಡಿದ ಕೈಯಲ್ಲೇ ಸಿಗರೇಟನ್ನೂ ಹಿಡಿಯಲು ಬರುವಂಥ ಗಾಜಿನ ಲೋಟವನ್ನೂ ಬಿಡಲಿಲ್ಲ ಪುಣ್ಯಾತ್ಮ.

ಇಷ್ಟಕ್ಕೆಲ್ಲ ಈತನಿಗೆ ಸಿಕ್ಕಿದ್ದು ಹತ್ತು ವರ್ಷವೂ ಅಲ್ಲ. 1971ರ ಜುಲೈ 30ರಂದು, ತನ್ನ 41ನೆಯ ಹುಟ್ಟುಹಬ್ಬದ ದಿನವೇ, ಹೃದಯ ನಿಂತು ತೀರಿಕೊಂಡ. ಮರುವರ್ಷ ನ್ಯೂಯಾರ್ಕಿನ ಆಧುನಿಕ ಕಲಾ ಮ್ಯೂಸಿಯಂನ ಪ್ರದರ್ಶನದಲ್ಲಿ ಜನ ಕಂಡದ್ದು ಈತ ಬಿಟ್ಟುಹೋದ ಕನಸು: ಅಡುಗೆ, ಕಪಾಟು, ಮಂಚ, ಬಚ್ಚಲು ಎಲ್ಲ ಒಟ್ಟುಗೂಡಿದ ಇಡೀ ಮನೆಯ ಘಟಕ.

ಅದು ದೊಡ್ಡ ಕನಸು, ನಿಜ. ಆದರೂ ನನ್ನ ಮನಸ್ಸು ಕೊಳವೆಗಳನ್ನು ಬಿಟ್ಟು ಕದಲುವುದಿಲ್ಲ. ಮಿನಿಕಿಚನ್ನಿನಲ್ಲಿ ಯಾವುದು ಎಲ್ಲಿರಬೇಕೆಂದು ಕೊಲೊಂಬೊನೇ ತೀರ್ಮಾನಿಸಿದ್ದ. ಇಲ್ಲಿ ಬಿಡಿಭಾಗಗಳನ್ನು ಕೈಗಿತ್ತು ಸುಮ್ಮನೆ ಪಕ್ಕಕ್ಕೆ ಸರಿದ. ವಿನ್ಯಾಸಕಾರನೊಬ್ಬ ಅಷ್ಟು ನಂಬಿಕೆಯಿಂದ ಬಿಟ್ಟುಕೊಡುವುದು ಅಪರೂಪ! ಫ್ಲೆಕ್ಸ್‌ಫಾರ್ಮ್ ಕಂಪನಿ ಮೊದಲು ತಯಾರಿಸಿದ ಈ ಕುರ್ಚಿಯನ್ನು ಕಪ್ಪೆಲ್ಲಿನಿ ಕಂಪನಿ ಮತ್ತೆ ಮಾರುಕಟ್ಟೆಗೆ ತಂದಿದೆ. ಎರಡು ಚೀಲ ಬಿಚ್ಚಿದರೆ ಎಂಟು ಕೊಳವೆ, ಸೋಫಾ ಬೇಕೆಂದವರಿಗೆ ಸೋಫಾ!